ಬೆಟ್ಟ ಹತ್ತಲು ಬರುವ ವಿದೇಶಿ ನೆಂಟರು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹೊರದೇಶದ ಚಾರಣ ಬಳಗದವರು ಒಂದು ವರ್ಷ ನಮ್ಮಲ್ಲಿಗೆ ಬರುವುದು, ಮುಂದಿನ ವರ್ಷ ನಮ್ಮವರು ಅವರಲ್ಲಿಗೆ ಹೋಗುವುದು. ಇಂಥ ವಿನಿಮಯ ಪ್ರವಾಸದ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ಡಿಸೆಂಬರಿನಲ್ಲಿ ಜರ್ಮನಿ, ಆಸ್ಟ್ರಿಯಾದಿಂದ ಹತ್ತು ಮಂದಿ ನಮ್ಮ ಬಳಗಕ್ಕೆ ಬರುತ್ತಿದ್ದಾರೆ. ಎಲ್ಲರೂ ಆಲ್ಪ್ಸ್‌ನಲ್ಲಿ 3,000 ಮೀಟರ್ ಹತ್ತಿದವರು. ನಮ್ಮ ಕುದುರೆಮುಖ 1,892 ಮೀಟರ್. ಅವರಿಗೆ ಇದು ಸಪ್ಪೆ ಅನ್ನಿಸಬಾರದೆಂದು ಬಂದ ಮರುದಿನವೇ ಕುಮಾರ ಪರ್ವತ ಇಟ್ಟುಕೊಂಡರೆ ಹೇಗೆ?
(ಕದ್ರಿ, ಮಂಗಳೂರು)

ಉತ್ತರ: ದಯವಿಟ್ಟು ಬೇಡ. ನಮ್ಮ ಬೆಟ್ಟಗಳಲ್ಲಿ ಕಾಡುವುದು ಎತ್ತರವಲ್ಲ, ಬೆವರು. ಅಲ್ಲಿ ಡಿಸೆಂಬರ್ ಎಂದರೆ ಸೊನ್ನೆಯ ಆಚೀಚೆ. ಇಲ್ಲಿ ಮಧ್ಯಾಹ್ನ 32–33 ಡಿಗ್ರಿ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಬರೀ ಇಳಿಯುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ದೇಹ ಈ ಸೆಕೆಗೆ ಒಗ್ಗಿಕೊಳ್ಳಲು 7ರಿಂದ 14 ದಿನ ಬೇಕು. ಗಟ್ಟಿಮುಟ್ಟಾದವರಿಗೂ ಅಷ್ಟೇ. ನಿಜ ಹೇಳಬೇಕೆಂದರೆ ಗಟ್ಟಿಮುಟ್ಟಾದವರೇ ಹೆಚ್ಚು ತೊಂದರೆಗೆ ಸಿಕ್ಕುವುದು, ಯಾಕೆಂದರೆ ಅವರು ತಮ್ಮ ಊರಿನ ವೇಗದಲ್ಲೇ ಏರಲು ಶುರು ಮಾಡುತ್ತಾರೆ.

ಇನ್ನು ಕುಮಾರ ಪರ್ವತ. ತುದಿ 1,712 ಮೀಟರ್, ಅಷ್ಟೇ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಬಹಳ ತಗ್ಗಿನಲ್ಲಿ. ಅಲ್ಲಿಂದ ಹೊರಟರೆ 1,500 ಮೀಟರಿಗೂ ಹೆಚ್ಚು ಏರಬೇಕು. ಆಲ್ಪ್ಸ್‌ನವರಿಗೂ ಅದು ಇಡೀ ದಿನದ ಭಾರೀ ಏರು. ಅದರ ಮೇಲೆ ಗಿರಿಗದ್ದೆ ದಾಟಿದ ಬಳಿಕ ನೆರಳಿಲ್ಲದ ಹುಲ್ಲುಗಾವಲು. ಅವರಿಗೆ ಕಳಿಸುವ ಪತ್ರದಲ್ಲಿ ಶಿಖರದ ಎತ್ತರವನ್ನಷ್ಟೇ ಬರೆಯಬೇಡಿ. ಒಟ್ಟು ಏರು ಎಷ್ಟು ಮೀಟರ್, ನಡಿಗೆ ಎಷ್ಟು ಗಂಟೆ, ನೆರಳಿಲ್ಲದ ಭಾಗ ಎಷ್ಟು ಎಂಬ ಮೂರನ್ನೂ ಬರೆಯಿರಿ. ಅವರಿಗೆ ಈ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ.

ಎರಡು ವಾರದ ಪ್ರವಾಸವಾದರೆ ಹೀಗೆ ಜೋಡಿಸಬಹುದು. ಮೊದಲ ಎರಡು ದಿನ ಊರಲ್ಲೇ, ಬೆಳಗ್ಗೆ ಸಂಜೆ ಒಂದೊಂದು ಗಂಟೆ ನಡಿಗೆ. ಮೂರನೆಯ ದಿನ ಬೆಳ್ತಂಗಡಿ ಬಳಿಯ ಗಡಾಯಿಕಲ್ಲು, ಅಂದರೆ ಜಮಾಲಾಬಾದ್ ಕೋಟೆ. 1,800ಕ್ಕೂ ಮಿಕ್ಕಿ ಮೆಟ್ಟಿಲಿರುವ ಒಂದೇ ಬಂಡೆ ಅದು. ಬೆಳಗ್ಗೆ ಬೇಗ ಹತ್ತಿ ಬಿಸಿಲೇರುವ ಮುಂಚೆ ಇಳಿದುಬಿಡಿ. ಯಾರ ಮುಖ ಕೆಂಪಾಗುತ್ತದೆ, ಯಾರು ನೀರು ಕುಡಿಯಲು ಮರೆಯುತ್ತಾರೆ ಎಂಬುದೆಲ್ಲ ನಿಮಗೆ ಅಲ್ಲೇ ಗೊತ್ತಾಗುತ್ತದೆ. ಐದು ಅಥವಾ ಆರನೆಯ ದಿನ ಕುರಿಂಜಾಲು, ಎಂಟರ ಆಸುಪಾಸಿನಲ್ಲಿ ಕುದುರೆಮುಖ. ಕುಮಾರ ಪರ್ವತ ಕೊನೆಗೆ, ಆಸೆಯೂ ಶಕ್ತಿಯೂ ಉಳಿದವರಿಗೆ ಮಾತ್ರ.

ಕುದುರೆಮುಖದ ದಿನ ಮುಳ್ಳೋಡಿಯಿಂದ ಹೋಗಿಬರಲು 20 ಕಿಲೋಮೀಟರಿಗೆ ಕಡಿಮೆಯಿಲ್ಲ. ಒಂಟಿಮರದವರೆಗೆ ನಡುನಡುವೆ ಶೋಲಾ ಕಾಡಿನ ನೆರಳು, ತೊರೆಗಳು ಸಿಗುತ್ತವೆ. ಆಮೇಲಿನ ಬೋಳುಬೆನ್ನಿನ ಮೇಲೆ ಬಿಸಿಲಿಗೆ ತಡೆಯೇ ಇಲ್ಲ. ಆ ಭಾಗವನ್ನು ಬೆಳಗ್ಗೆ ಹತ್ತು ಗಂಟೆಯೊಳಗೆ ದಾಟುವ ಹಾಗೆ ಲೆಕ್ಕ ಹಾಕಿ.

ನೀರಿನ ವಿಷಯ. ಇಂಥ ಸೆಕೆಯಲ್ಲಿ ಏರುವಾಗ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಗುಟುಕು ಗುಟುಕಾಗಿ ಕುಡಿಯಬೇಕು. ಹೊರಡುವಾಗ ಒಬ್ಬರ ಚೀಲದಲ್ಲಿ 3 ಲೀಟರ್, ದಾರಿಯಲ್ಲಿ ತುಂಬಿಕೊಳ್ಳಲು ಫಿಲ್ಟರ್ ಅಥವಾ ಕ್ಲೋರಿನ್ ಮಾತ್ರೆ ಇರಲಿ. ಬರೀ ನೀರನ್ನೇ ಹೊಟ್ಟೆ ತುಂಬಾ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗಲಿಬಿಲಿ ಶುರುವಾಗುತ್ತದೆ. ಅದನ್ನು ನೀರು ಸಾಲದ್ದಕ್ಕೆ ಆದದ್ದು ಎಂದುಕೊಂಡು ಮತ್ತಷ್ಟು ನೀರು ಕುಡಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಆದ್ದರಿಂದ ತಲಾ ಎರಡು ಓಆರ್‌ಎಸ್ ಪೊಟ್ಟಣ ಕಡ್ಡಾಯ. ಮೆಡಿಕಲ್‌ನಲ್ಲಿ ಎರಡು ಅಳತೆಯ ಪೊಟ್ಟಣ ಸಿಗುತ್ತದೆ: ಸುಮಾರು 21 ಗ್ರಾಮಿನದು ಒಂದು ಲೀಟರಿಗೆ, 4 ಗ್ರಾಂ ಚಿಲ್ಲರೆಯದು 200 ಮಿಲಿಲೀಟರಿಗೆ. ದೊಡ್ಡದನ್ನು ಲೋಟಕ್ಕೆ ಸುರಿದರೆ ಉಪ್ಪು ವಿಪರೀತ, ಚಿಕ್ಕದನ್ನು ಬಾಟಲಿಗೆ ಸುರಿದರೆ ಉಪಯೋಗವಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಇಲ್ಲಿ ಚಮಚ ಅಂದರೆ ಟೀ ಚಮಚ.

ಬೆವರುತ್ತಾ ಸುಸ್ತಾಗಿ ತಲೆ ತಿರುಗಿದರೆ ನೆರಳು, ಓಆರ್‌ಎಸ್, ಅರ್ಧ ಗಂಟೆ ವಿಶ್ರಾಂತಿ, ಮತ್ತೆ ಇಳಿಯುವುದು. ಮಾತು ತೊದಲಿ, ಕೇಳಿದ್ದಕ್ಕೆ ಏನೇನೋ ಉತ್ತರ ಬಂದರೆ ಅದು ಬಿಸಿಲಾಘಾತ. ಆಗ ಬಾಯಿಗೆ ಏನೂ ಹಾಕದೆ ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು, ಬಿಡದೆ ಗಾಳಿ ಬೀಸಿ, ಕೆಳಗೆ ಸಾಗಿಸುವ ಏರ್ಪಾಡು ಮಾಡಬೇಕು. ತಂಪು ಮಾಡುವುದೇ ಮೊದಲು, ಹೊತ್ತೊಯ್ಯುವುದು ಆಮೇಲೆ.

ಪ್ರಶ್ನೆ: ಚಾರಣದ ಪರವಾನಿಗೆ ವಿದೇಶಿಯರಿಗೆ ಬೇರೆಯೇ? ಅವರೇ ಅಲ್ಲಿಂದ ಬುಕ್ ಮಾಡಬಹುದೇ?
(ಮಣಿಪಾಲ)

ಉತ್ತರ: ಪರವಾನಿಗೆ ಎಲ್ಲರಿಗೂ ಒಂದೇ ಕಡೆ: ಕರ್ನಾಟಕ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ. ಆದರೆ ಅದನ್ನು ಅವರ ತಲೆಗೆ ಕಟ್ಟಬೇಡಿ. ಇಲ್ಲಿಯ ಮೊಬೈಲ್ ಸಂಖ್ಯೆಗೆ ಓಟಿಪಿ ಬರಬೇಕು, ಇಲ್ಲಿಯ ಪಾವತಿ ವ್ಯವಸ್ಥೆ ಬೇಕು. ನೀವೇ ಮಾಡಿಕೊಡುವುದು ಸಲೀಸು. ಪ್ರತಿಯೊಬ್ಬರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅಕ್ಷರ ಬಿಡದೆ ತುಂಬಿ. ಗುರುತಿನ ಚೀಟಿಯ ಜಾಗದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿ. ಚೆಕ್‌ಪೋಸ್ಟಿನಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕಾಗಬಹುದು, ಹಾಗಾಗಿ ಅದು ಮನೆಯ ಕಪಾಟಿನಲ್ಲಿ ಉಳಿಯಬಾರದು. ಜಿಪ್ ಚೀಲದಲ್ಲಿ ಹಾಕಿ ಜತೆಗಿರಲಿ, ಬೆವರಿಗೇ ಪುಟ ಒದ್ದೆಯಾಗುತ್ತದೆ.

ಕುದುರೆಮುಖಕ್ಕೆ ದಿನಕ್ಕೆ 300 ಮಂದಿಯ ಮಿತಿಯಿದೆ. ಶನಿವಾರ, ಭಾನುವಾರ ಬೆಂಗಳೂರಿನ ತಂಡಗಳಿಂದಲೇ ತುಂಬಿಹೋಗುತ್ತದೆ. ವಾರದ ನಡುವಿನ ದಿನ ಹಿಡಿದರೆ ಜಾಗವೂ ಸಿಗುತ್ತದೆ, ಬೆಟ್ಟವೂ ಸದ್ದಿಲ್ಲದೆ ಸಿಗುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ ಎನ್ನುವುದನ್ನು ಮೊದಲ ಪತ್ರದಲ್ಲೇ ತಿಳಿಸಿ. ಇಲ್ಲದಿದ್ದರೆ ಅವರು ಏಳು ಕಿಲೋ ಟೆಂಟು, ಮಲಗುಚೀಲ ಹೊತ್ತು ತರುತ್ತಾರೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಭಾರೀ ಮಳೆಯ ಎಚ್ಚರಿಕೆ ಬಂದಾಗ ಇಲಾಖೆ ದಾರಿಗಳನ್ನು ಮುಚ್ಚುತ್ತದೆ. ಅದಕ್ಕೇ ಪಟ್ಟಿಯಲ್ಲಿ ಯಾವಾಗಲೂ ಒಂದು ಬದಲಿ ದಿನ, ಒಂದು ಬದಲಿ ಬೆಟ್ಟ ಇರಲಿ.

ಪ್ರಶ್ನೆ: ಇಬ್ಬರನ್ನು ನಮ್ಮ ಮನೆಯಲ್ಲೇ ಉಳಿಸಿಕೊಳ್ಳುತ್ತೇವೆ, ಬಾಡಿಗೆ ಏನೂ ಇಲ್ಲ. ಆದರೂ ಪೊಲೀಸರಿಗೆ ತಿಳಿಸಬೇಕೆಂದು ನೆರೆಮನೆಯವರು ಹೇಳುತ್ತಾರೆ, ಹೌದೇ?
(ಬಿಜೈ, ಮಂಗಳೂರು)

ಉತ್ತರ: ಹೌದು. ಹಣ ತೆಗೆದುಕೊಂಡರೂ ಬಿಟ್ಟರೂ, ವಿದೇಶಿಯರನ್ನು ಉಳಿಸಿಕೊಂಡ ಮನೆಯವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ಜನ ಈಗಲೂ ಇದನ್ನು ‘ಸಿ ಫಾರ್ಮ್’ ಎನ್ನುತ್ತಾರೆ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ತಿಳಿಸುವ ಹೊಣೆ ಮಾತ್ರ ಹಾಗೆಯೇ ಮನೆಯವರ ಮೇಲಿದೆ.

ಎಡವುವುದು ಎಲ್ಲಿ ಅಂದರೆ, ನೆಂಟರು ಬಂದಿಳಿದ ಮೇಲೆ ಜಾಲತಾಣ ತೆರೆಯುವುದರಲ್ಲಿ. ಮೊದಲು ನಿಮ್ಮ ಮನೆಯ ವಿಳಾಸವನ್ನು ತಂಗುವ ಜಾಗವೆಂದು ನೋಂದಾಯಿಸಿ, ಅದಕ್ಕೆ ಒಪ್ಪಿಗೆ ಸಿಕ್ಕಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ಎರಡು ಮೂರು ವಾರ ಮುಂಚೆಯೇ ಮಾಡಿಬಿಡಿ. ಬಂದ ದಿನ ಬೇಕಾಗುವುದು ಪಾಸ್‌ಪೋರ್ಟ್ ಮತ್ತು ವೀಸಾದ ಸಂಖ್ಯೆ, ಕೊಟ್ಟ ಜಾಗ, ಕೊಟ್ಟ ದಿನಾಂಕ, ಅವಧಿ, ಅವರ ಊರಿನ ವಿಳಾಸ, ಭಾರತಕ್ಕೆ ಬಂದ ದಿನ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ಒಂದು ಫೋಟೋ. ಇ-ವೀಸಾದವರ ಬಳಿ ಪಾಸ್‌ಪೋರ್ಟಿನ ಮೊಹರಿನ ಜತೆಗೆ ಒಪ್ಪಿಗೆ ಪತ್ರದ ಮುದ್ರಿತ ಪ್ರತಿಯೂ ಇರಬೇಕು, ಅದನ್ನೂ ಕೇಳಿ ಇಟ್ಟುಕೊಳ್ಳಿ.

ಹತ್ತು ಮಂದಿ ಐದು ಮನೆಗೆ ಹಂಚಿಹೋದರೆ ಐದು ಮನೆಯವರೂ ತಮ್ಮ ತಮ್ಮ ನೆಂಟರದ್ದನ್ನು ಬೇರೆಬೇರೆ ತುಂಬಬೇಕು. ಬಳಗದ ಕಾರ್ಯದರ್ಶಿ ಒಬ್ಬರೇ ಎಲ್ಲರದ್ದನ್ನೂ ತನ್ನ ವಿಳಾಸಕ್ಕೆ ಹಾಕಿಬಿಟ್ಟರೆ ಅದು ಸುಳ್ಳು ಮಾಹಿತಿಯಾಗುತ್ತದೆ. ನಡುವೆ ಕಳಸದ ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ ಉಳಿದರೆ ಅಲ್ಲಿಯವರು ತುಂಬುತ್ತಾರೆ. ವಾಪಸ್ ನಿಮ್ಮಲ್ಲಿಗೆ ಬಂದಾಗ ನೀವು ಮತ್ತೆ ತುಂಬಬೇಕು. ಹೊರಟುಹೋದ ದಿನವನ್ನೂ ದಾಖಲಿಸಿ, ಸಲ್ಲಿಕೆಯ ಪ್ರತಿಯನ್ನು ತೆಗೆದಿಡಿ. ಭಾರತಕ್ಕೆ ಬರುವ ಮುನ್ನ ಅವರು ತುಂಬುವ ಇ-ಆಗಮನ ಚೀಟಿಯಲ್ಲೂ ಇಲ್ಲಿಯ ವಿಳಾಸ ಕೇಳುತ್ತಾರೆ. ಪಿನ್‌ಕೋಡ್ ಸಹಿತ ನಿಮ್ಮ ವಿಳಾಸವನ್ನು ಇಂಗ್ಲಿಷ್‌ನಲ್ಲಿ ಮೊದಲೇ ಕಳಿಸಿಕೊಡಿ.

ಪ್ರಶ್ನೆ: ಅವರ ಸಾಮಾನಿನ ಪಟ್ಟಿಯಲ್ಲಿ ಗಾರ್ಮಿನ್ ಇನ್‌ರೀಚ್, ಡ್ರೋನ್, ಗ್ಯಾಸ್ ಸ್ಟವ್ ಇವೆ. ತರಬಹುದೇ?
(ಕಾರ್ಕಳ)

ಉತ್ತರ: ಮೂರನ್ನೂ ಊರಲ್ಲೇ ಬಿಟ್ಟು ಬರಲಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿ.

ಮೊಬೈಲ್ ಸಿಗದ ಕಡೆಯಿಂದ ಸಂದೇಶ, ಅಪಾಯದ ಕರೆ ಕಳಿಸುವ ಇನ್‌ರೀಚ್ ಕೆಲಸ ಮಾಡುವುದು ಇರಿಡಿಯಂ ಉಪಗ್ರಹಗಳ ಮೂಲಕ. ಇರಿಡಿಯಂ, ಥುರಾಯಾ ಸಾಧನಗಳು ಭಾರತದಲ್ಲಿ ನಿಷಿದ್ಧ. ಬೇರೆ ದೇಶಗಳಲ್ಲಿ ಒಳ್ಳೆಯ ಚಾರಣಿಗನ ಲಕ್ಷಣ ಎನ್ನಿಸಿಕೊಳ್ಳುವ ಈ ಪುಟ್ಟ ಯಂತ್ರ ಇಲ್ಲಿಯ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಂಡರೆ ಪೊಲೀಸ್ ಠಾಣೆ, ನ್ಯಾಯಾಲಯ ಸುತ್ತಬೇಕಾಗುತ್ತದೆ. ತಿಳಿಯದೆ ತಂದು ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. ಉಪಗ್ರಹದ ಮೂಲಕ ಸಂದೇಶ ಕಳಿಸದ ಸಾದಾ ಜಿಪಿಎಸ್ ಕೈಗಡಿಯಾರ ಪರವಾಗಿಲ್ಲ. ಡ್ರೋನ್ ಆಮದಿಗೆ 2022ರಿಂದ ನಿಷೇಧವಿದೆ, ವಿದೇಶಿಯರು ಇಲ್ಲಿ ಹಾರಿಸುವಂತಿಲ್ಲ. ಗ್ಯಾಸ್ ಡಬ್ಬಿಯನ್ನು ವಿಮಾನಕ್ಕೇ ಬಿಡುವುದಿಲ್ಲ, ಕಾಡಿನಲ್ಲಿ ಹಚ್ಚುವಂತೆಯೂ ಇಲ್ಲ. ಇ-ಸಿಗರೇಟನ್ನೂ ಈ ಪಟ್ಟಿಗೆ ಸೇರಿಸಿ, 2019ರ ಕಾಯ್ದೆ ಅದನ್ನು ನಿಷೇಧಿಸಿದೆ.

ಇನ್‌ರೀಚ್ ಇಲ್ಲದ ಮೇಲೆ ಅದರ ಕೆಲಸವನ್ನು ನೀವು ಮಾಡಬೇಕು. ಕೆಳಗೆ ಒಬ್ಬರ ಬಳಿ ತಂಡದ ಪಟ್ಟಿ, ದಾರಿ, ವಾಪಸಾಗುವ ಹೊತ್ತು ಬರೆದಿಟ್ಟಿರಬೇಕು. ಹೇಳಿದ ಹೊತ್ತು ಮೀರಿ ಎರಡು ಗಂಟೆಯಾದರೆ ಯಾರಿಗೆ ಮೊದಲು ಫೋನ್ ಎಂಬುದೂ ಬರೆದಿರಲಿ. ಘಟ್ಟದ ಹಲವು ಕಡೆ ಬಿಎಸ್‌ಎನ್‌ಎಲ್ ಒಂದೇ ಸಿಗುವುದು. ತಂಡದಲ್ಲಿ ಒಂದಾದರೂ ಆ ಸಿಮ್ ಇರಲಿ.

ಪ್ರಶ್ನೆ: ನಮ್ಮಲ್ಲಿಗೆ ಬರುವವರಲ್ಲಿ ಒಬ್ಬರಿಗೆ ಗೋಧಿ ಆಗುವುದಿಲ್ಲ, ಒಬ್ಬರಿಗೆ ನೆಲಗಡಲೆ ಅಲರ್ಜಿ, ಒಬ್ಬರು ಹಾಲು ತುಪ್ಪ ಮುಟ್ಟುವುದಿಲ್ಲ. ಏನು ಅಡುಗೆ ಮಾಡುವುದೆಂದೇ ತಿಳಿಯುತ್ತಿಲ್ಲ.
(ಬ್ರಹ್ಮಾವರ)

ಉತ್ತರ: ಗಾಬರಿ ಬೇಡ ಅಕ್ಕ. ಅಕ್ಕಿ ತೆಂಗಿನಕಾಯಿಯ ಅಡುಗೆಮನೆ ನಿಮ್ಮದು, ಇವರಿಗೆ ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟ. ನೀರುದೋಸೆ, ಒತ್ತುಶ್ಯಾವಿಗೆ, ಪುಂಡಿ, ಮೂಡೆ, ಕೊಟ್ಟೆ ಕಡುಬು, ಕೋರಿರೊಟ್ಟಿ, ಕುಚ್ಚಲಕ್ಕಿ ಗಂಜಿ, ಇವೆಲ್ಲ ಗೋಧಿ ಇಲ್ಲದ್ದೇ. ಎಚ್ಚರ ಬೇಕಾದ್ದು ಕಣ್ಣಿಗೆ ಕಾಣದ ಕಡೆ.

ಮೊದಲನೆಯದು ಇಂಗು. ಅಂಗಡಿಯ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಕಟು ಕಡಿಮೆ ಮಾಡಲು ಅದಕ್ಕೆ ಹಿಟ್ಟು, ಅಂಟು ಬೆರೆಸಿರುತ್ತಾರೆ. ಹೆಚ್ಚಿನವುಗಳಲ್ಲಿ ಅದು ಗೋಧಿ ಅಥವಾ ಮೈದಾ. ಗೋಧಿ ಆಗದ ಸೀಲಿಯಾಕ್ ಕಾಯಿಲೆಯವರಿಗೆ ಸಾರಿನ ಒಗ್ಗರಣೆಯ ಒಂದು ಚಿಟಿಕೆಯೂ ಸಾಕು, ಹೊಟ್ಟೆ ಕೆಡಲು. ಡಬ್ಬಿಯ ಹಿಂಬದಿ ಓದಿ. ಇಲ್ಲವೇ ಆ ಹದಿನೈದು ದಿನ ಬೆಳ್ಳುಳ್ಳಿ ಒಗ್ಗರಣೆಯಲ್ಲೇ ಸುಧಾರಿಸಿ. ಅಂಗಡಿಯ ಸಾರಿನ ಪುಡಿ, ಉಪ್ಪಿನಕಾಯಿಗಳಲ್ಲೂ ಇದೇ ಇಂಗು ಇರುತ್ತದೆ. ಎರಡನೆಯದು ಮೀನಿನ ರವಾ ಫ್ರೈ. ರವೆ ಗೋಧಿಯದ್ದೇ. ಬದಲಿಗೆ ಅಕ್ಕಿಹಿಟ್ಟು ಅಥವಾ ದಪ್ಪ ಅಕ್ಕಿತರಿ ಹಚ್ಚಿ ಕಾಯಿಸಿ, ಗರಿಯೂ ಚೆನ್ನಾಗಿ ಬರುತ್ತದೆ. ಗೋಳಿಬಜೆ, ಬನ್ಸ್ ಎರಡೂ ಮೈದಾ. ಬನ್ಸ್ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದರೆ ಆ ಹಪ್ಪಳವೂ ಅವರಿಗೆ ಆಗದು.

ನೆಲಗಡಲೆ ನಮ್ಮ ಕರಾವಳಿ ಅಡುಗೆಯಲ್ಲಿ ಕಡಿಮೆ. ಆದರೆ ಚಿತ್ರಾನ್ನ, ಅವಲಕ್ಕಿ ಒಗ್ಗರಣೆ, ಹೋಟೆಲಿನ ಚಟ್ನಿ, ಮಿಕ್ಸ್ಚರ್‌ಗಳಲ್ಲಿ ಇದ್ದೇ ಇರುತ್ತದೆ. ಮಿಕ್ಸಿಯ ಜಾರನ್ನು ತೊಳೆದರೂ ಬ್ಲೇಡಿನ ಅಡಿ, ರಬ್ಬರ್ ವಾಷರ್‌ನ ಸಂದಿಯಲ್ಲಿ ಪುಡಿ ಉಳಿಯುತ್ತದೆ. ವಾಷರ್ ತೆಗೆದು ತೊಳೆಯಿರಿ, ಆಗದಿದ್ದರೆ ಒಂದು ಜಾರನ್ನೇ ಬೇರೆ ಇಡಿ. ಗೇರುಬೀಜವೂ ಅವರಿಗೆ ಆಗುವುದಿಲ್ಲವೇ ಎಂದು ಬೇರೆಯಾಗಿ ಕೇಳಿ, ಎರಡೂ ಒಂದೇ ಅಲ್ಲ. ಅಂಥವರು ಅಲರ್ಜಿ ಜೋರಾದಾಗ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನನ್ನು ತಮ್ಮ ಊರಿಂದಲೇ ಎರಡು ತರಲಿ, ಇಲ್ಲಿಯ ಮೆಡಿಕಲ್‌ಗಳಲ್ಲಿ ಸುಲಭಕ್ಕೆ ಸಿಗದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಔಷಧಿ ಕೆಡುತ್ತದೆ.

ಹಾಲು ಬೇಡದವರಿಗೆ ತೆಂಗಿನಹಾಲಿನ ಪಾಯಸ. ಕಾಫಿಗೆ ಮಾತ್ರ ಕಪ್ಪು ಕಾಫಿ. ನೀರುದೋಸೆ ಕಾವಲಿಗೆ ತುಪ್ಪದ ಬದಲು ತೆಂಗಿನೆಣ್ಣೆ. ಸಿಗಡಿ ಅಲರ್ಜಿಯವರಿದ್ದರೆ ಒಣ ಸಿಗಡಿ ಚಟ್ನಿ ಅರೆದ ಕಲ್ಲಿನ ಮೇಲೂ ಕಣ್ಣಿರಲಿ.

ಖಾರಕ್ಕೆ ಬ್ಯಾಡಗಿ ಮೆಣಸು ಸಾಕು, ಬಣ್ಣ ಬರುತ್ತದೆ, ಉರಿ ಕಡಿಮೆ. ಬೀಜ ತೆಗೆದರೆ ಇನ್ನೂ ಕಡಿಮೆ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಕೊತಕೊತ ಒಂದು ನಿಮಿಷ ಕುದಿಸಿ ಆರಿಸಿ ಕೊಡಿ. ಹಲ್ಲುಜ್ಜಲೂ ಅದೇ ನೀರು. ಬೊಂಡ ಕೆತ್ತಿಸಿ ನೇರ ಅದರಿಂದಲೇ ಕುಡಿಸಿ, ಅಂಗಡಿಯ ಲೋಟ, ಐಸ್ ಬೇಡ. ಬೆಟ್ಟ ಇಳಿದ ಸಂಜೆ ಬೇರೇನೂ ಮಾಡದಿದ್ದರೂ ಸರಿ, ಉಪ್ಪು ಹಾಕಿದ ಬಿಸಿ ಗಂಜಿ, ಉಪ್ಪಿನಕಾಯಿ, ಪುನರ್ಪುಳಿ ಸಾರು ಕೊಡಿ. ಕಳೆದುಕೊಂಡ ನೀರೂ ಉಪ್ಪೂ ಒಟ್ಟಿಗೆ ವಾಪಸ್ ಬರುತ್ತದೆ, ದಣಿದ ಹೊಟ್ಟೆಗೂ ಹಗುರ.

ಬುತ್ತಿಗೆ ಇಡ್ಲಿ ಕಟ್ಟಿದರೆ ಕಾಯಿಚಟ್ನಿ ಜತೆ ಕಟ್ಟಬೇಡಿ. ಬೆಳಗ್ಗೆ ಐದಕ್ಕೆ ಅರೆದದ್ದು ಹನ್ನೊಂದಕ್ಕೆ ಹುಳಿ ಬಂದಿರುತ್ತದೆ. ಎಣ್ಣೆ ಕಲಸಿದ ಚಟ್ನಿಪುಡಿ ಸರಿ. ಕೊಟ್ಟೆ ಕಡುಬು ಎಲೆಯಲ್ಲೇ ಇರುವುದರಿಂದ ಒಣಗುವುದಿಲ್ಲ, ಚೀಲದಲ್ಲಿ ಪುಡಿಯಾಗುವುದೂ ಇಲ್ಲ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಸಿಪ್ಪೆ ಸಹಿತ, ಬೆಲ್ಲದ ತುಂಡು ಸೇರಿಸಿ.

ಇನ್ನೊಂದು ಮಾತು. ನಮ್ಮಲ್ಲಿ ಮೂರು ಸಲ ಒತ್ತಾಯ ಮಾಡದಿದ್ದರೆ ಊಟಕ್ಕೆ ಕರೆದ ಹಾಗಾಗುವುದಿಲ್ಲ. ಅವರಲ್ಲಿ ಒಂದು ಸಲ ‘ಸಾಕು’ ಅಂದರೆ ಸಾಕು ಎಂದೇ ಅರ್ಥ. ಮೇಲೆ ಬಡಿಸಿದ್ದನ್ನು ಬಿಡಲು ಸಂಕೋಚಪಟ್ಟು ತಿಂದು ಮರುದಿನ ಬೆಟ್ಟದಲ್ಲಿ ಒದ್ದಾಡುತ್ತಾರೆ. ಪಾತ್ರೆಗಳನ್ನು ನಡುವೆ ಇಟ್ಟು ಅವರೇ ಬಡಿಸಿಕೊಳ್ಳಲು ಬಿಡುವುದು ಪ್ರೀತಿಗೆ ಕಡಿಮೆಯೇನಲ್ಲ.

ಪ್ರಶ್ನೆ: ಜುಲೈಯಲ್ಲಿ ಬರುವ ತಂಡವೊಂದು ಇಂಬಳಕ್ಕೆ ತುಂಬಾ ಹೆದರಿದೆ. ಇಂಬಳದ ಕಾಲುಚೀಲ ಇಲ್ಲೇ ಹೊಲಿಸಬಹುದೇ? ಹೊಗೆಸೊಪ್ಪಿನ ನೀರು ಒಳ್ಳೆಯದೇ?
(ಬೆಳ್ತಂಗಡಿ)

ಉತ್ತರ: ಧಾರಾಳವಾಗಿ ಹೊಲಿಸಬಹುದು. ಒತ್ತಾದ ನೇಯ್ಗೆಯ ಪಾಪ್ಲಿನ್ ಬಟ್ಟೆ ತೆಗೆದುಕೊಳ್ಳಿ. ಹೆಣೆದ ಮಾಮೂಲಿ ಸಾಕ್ಸಿನ ಕಣ್ಣುಗಳೊಳಗೆ ಸಣ್ಣ ಇಂಬಳ ನೂಲಿನ ಹಾಗೆ ಸಪೂರವಾಗಿ ನುಗ್ಗಿಬಿಡುತ್ತದೆ. ಬಣ್ಣ ಬಿಳಿ ಅಥವಾ ತಿಳಿಯಾದದ್ದು, ಹತ್ತುವುದು ಕಾಣಬೇಕಲ್ಲ. ಇಂಗ್ಲಿಷ್ ಎಲ್ ಅಕ್ಷರದ ಹಾಗೆ ಎರಡು ತುಂಡು ಕತ್ತರಿಸಿ ಜೋಡಿಸಿದರೆ ಒಂದು ಚೀಲ. ಎತ್ತರ 45 ಸೆಂಟಿಮೀಟರ್, ಮಂಡಿಯ ಕೆಳಗೆ ಬರುವಷ್ಟು. ಮಟ್ಟಸವಾಗಿ ಇಟ್ಟಾಗ ಅಗಲ 22ರಿಂದ 24 ಸೆಂಟಿಮೀಟರ್. ಇದನ್ನು ಕಡಿಮೆ ಮಾಡಿದರೆ ಹಿಮ್ಮಡಿ ದಾಟುವುದಿಲ್ಲ, ಬಟ್ಟೆಗೆ ಎಳೆತವಿಲ್ಲ. ಪಾದದ ಉದ್ದ 32 ಸೆಂಟಿಮೀಟರ್ ಇಡಿಸಿ. ದರ್ಜಿಯವರು ನಮ್ಮ ಅಳತೆಯಲ್ಲಿ 27 ಇಟ್ಟುಬಿಡುತ್ತಾರೆ, ಅವರಲ್ಲಿ ಹಲವರ ಪಾದವೇ 29–30 ಇರುತ್ತದೆ. ಹೊಲಿಗೆ ಅಂಗಾಲಿನ ಕೆಳಗೆ ಬರಬಾರದು, ಬೊಬ್ಬೆ ಏಳುತ್ತದೆ. ಮೇಲ್ಗಡೆ ಲಾಡಿ. ಮಾಮೂಲಿ ಸಾಕ್ಸಿನ ಮೇಲೆ ಇದನ್ನು ಹಾಕಿ, ಪ್ಯಾಂಟನ್ನು ಒಳಗೆ ಸೇರಿಸಿ ಲಾಡಿ ಬಿಗಿದು ಬೂಟು ತೊಡುವುದು.

ಹೊಗೆಸೊಪ್ಪಿನ ನೀರು ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ನೆನೆದ ಬಟ್ಟೆ ಚರ್ಮಕ್ಕೆ ತಾಗಿಕೊಂಡಿದ್ದರೆ ನಿಕೋಟಿನ್ ಒಳಗಿಳಿದು ವಾಕರಿಕೆ, ತಲೆಸುತ್ತು ಬರುತ್ತದೆ. ಅದಕ್ಕೇ ಹೊರಚೀಲಕ್ಕೆ ಮಾತ್ರ ಹಚ್ಚಿ ಒಣಗಿಸಿ. ಉಪ್ಪು ಮಳೆಗೆ ಹತ್ತೇ ನಿಮಿಷದಲ್ಲಿ ತೊಳೆದುಹೋಗುತ್ತದೆ. ಕೋಲಿನ ತುದಿಗೆ ಉಪ್ಪಿನ ಪೊಟ್ಟಣ ಕಟ್ಟಿಕೊಂಡು, ಹತ್ತಿದ ಇಂಬಳಕ್ಕೆ ಮುಟ್ಟಿಸುವುದು ಮೇಲು.

ಕಚ್ಚಿದ್ದನ್ನು ಎಳೆಯಬಾರದು, ಸುಡಬಾರದು. ಸಪೂರ ತುದಿಯ ಪಕ್ಕ ಚರ್ಮಕ್ಕೆ ಉಗುರು ಒತ್ತಿ ಜಾರಿಸಿದರೆ ಹಿಡಿತ ಬಿಡುತ್ತದೆ. ಕೂಡಲೇ ಇನ್ನೊಂದು ತುದಿಯನ್ನೂ ಬಿಡಿಸಿ ಚಿಮ್ಮಬೇಕು, ಇಲ್ಲವಾದರೆ ಬೆರಳಿಗೇ ಅಂಟಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಬಿಟ್ಟಿರುವುದರಿಂದ ಗಾಯ ಚಿಕ್ಕದಾದರೂ ಸೋರುತ್ತಲೇ ಇರುತ್ತದೆ. ಹತ್ತಿ ಒತ್ತಿ 10–15 ನಿಮಿಷ ಹಿಡಿಯಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ತಂಡದಲ್ಲಿದ್ದಾರೆಯೇ ಎಂದು ಮೊದಲೇ ಕೇಳಿರಿ.

ಮಳೆಗಾಲಕ್ಕೆ ನೀರು ತಡೆಯುವ ದುಬಾರಿ ಗೋರೆಟೆಕ್ಸ್ ಬೂಟಿಗಿಂತ ನೀರು ಇಳಿದುಹೋಗುವ ಹಗುರ ಶೂ ವಾಸಿ. ಒಳಗೆ ಹೊಕ್ಕ ನೀರು ಗೋರೆಟೆಕ್ಸಿನಿಂದ ಹೊರಹೋಗದು, ಇಲ್ಲಿಯ ಹವೆಗೆ ಮೂರು ದಿನವಾದರೂ ಒಣಗದು. ಸಂಜೆ ಒಳಗಿನ ಅಟ್ಟೆ ತೆಗೆದು ಹಳೆ ಪೇಪರ್ ತುರುಕಿ, ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಾಯಿಸಿ. ಗದ್ದೆಬದಿಯ ನೀರಿನಲ್ಲಿ ಬರಿಗಾಲಲ್ಲಿ, ಗಾಯವಿಟ್ಟುಕೊಂಡು ನಡೆಯಲು ಬಿಡಬೇಡಿ, ಇಲಿಜ್ವರದ ಕಾಲ ಅದು.

ಪ್ರಶ್ನೆ: ಜನವರಿಯಲ್ಲಿ ಮಂಗನ ಕಾಯಿಲೆಯ ಸುದ್ದಿ ಬರುತ್ತದೆ. ನಮ್ಮ ನೆಂಟರು ‘ನಮ್ಮ ದೇಶದಲ್ಲೇ ಉಣ್ಣಿಜ್ವರಕ್ಕೆ ಲಸಿಕೆ ಹಾಕಿಸಿಕೊಂಡಿದ್ದೇವೆ’ ಎನ್ನುತ್ತಾರೆ.
(ಹೆಬ್ರಿ)

ಉತ್ತರ: ಆ ಲಸಿಕೆ ಯುರೋಪಿನ ಉಣ್ಣಿಯಿಂದ ಬರುವ ಮೆದುಳುಜ್ವರದ್ದು. ವೈರಸ್ಸುಗಳು ಒಂದೇ ಕುಟುಂಬದವಾದರೂ ನಮ್ಮ ಮಂಗನ ಕಾಯಿಲೆಗೆ ಅದು ರಕ್ಷಣೆ ಎಂದು ನಂಬುವಂತಿಲ್ಲ. ಇದನ್ನು ಅವರಿಗೆ ಸ್ಪಷ್ಟವಾಗಿ ಹೇಳಿ, ಧೈರ್ಯಗೆಡಿಸಲು ಅಲ್ಲ, ಉದ್ದ ಪ್ಯಾಂಟು ಹಾಕಿಸಲು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಒಣಗಾಲದಲ್ಲಿ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಸಾಸಿವೆಗಿಂತ ಚಿಕ್ಕ ಮರಿ ಉಣ್ಣಿಗಳು ತರಗೆಲೆಯ ಮೇಲಿರುತ್ತವೆ. ಆದ್ದರಿಂದ ತರಗೆಲೆಯ ಮೇಲೆ ಕೂರಬಾರದು, ಚೀಲ ಇಡಬಾರದು, ಬಂಡೆ ನೋಡಿ ಕೂರಬೇಕು. ಬಾಧಿತ ಊರುಗಳಲ್ಲಿ ಆರೋಗ್ಯ ಇಲಾಖೆ ಉಣ್ಣಿ ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತದೆ. ಅವರು ತರುವ ಡೀಟ್ ಇರುವ ಮುಲಾಮೂ ಆಗುತ್ತದೆ, ಬೆವರಿಗೆ ತೊಳೆದುಹೋದಾಗ ಮತ್ತೆ ಹಚ್ಚಬೇಕು. ವಾಪಸಾದ ಕೂಡಲೇ ಬಿಸಿನೀರಿನ ಸ್ನಾನ. ಕಂಕುಳು, ಸೊಂಟಪಟ್ಟಿ, ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಬಟ್ಟೆ ನೇರ ಬಿಸಿನೀರಿಗೆ ಬೀಳಲಿ, ಮಂಚದ ಮೇಲಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುವುದರಿಂದ, ಅಷ್ಟರಲ್ಲಿ ಅವರು ಮ್ಯೂನಿಕ್‌ನಲ್ಲೋ ವಿಯೆನ್ನಾದಲ್ಲೋ ಇರಬಹುದು. ಅಲ್ಲಿಯ ವೈದ್ಯರಿಗೆ ಈ ಹೆಸರೇ ಹೊಳೆಯದು. ಒಂದು ಚೀಟಿಯಲ್ಲಿ ಹೋದ ಕಾಡುಗಳ ಹೆಸರು, ದಿನಾಂಕ, ಕ್ಯಾಸನೂರು ಕಾಡಿನ ಕಾಯಿಲೆ, ಡೆಂಗಿ, ಮಲೇರಿಯಾ, ಇಲಿಜ್ವರ ಎಂದು ಇಂಗ್ಲಿಷ್‌ನಲ್ಲಿ ಬರೆದು ಪ್ರತಿಯೊಬ್ಬರಿಗೂ ಕೊಟ್ಟು ಕಳಿಸಿ. ಇಲ್ಲಿರುವಾಗಲೇ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಅವರ ಚೀಲದಲ್ಲಿ ಐಬುಪ್ರೊಫೆನ್ ಇದ್ದೇ ಇರುತ್ತದೆ, ಡೆಂಗಿಯಂಥ ಜ್ವರಗಳಲ್ಲಿ ಅದು ರಕ್ತಸ್ರಾವ ಹೆಚ್ಚಿಸಬಲ್ಲದು.

ಪ್ರಶ್ನೆ: ಹಾವು ಕಚ್ಚಿದರೆ ಏನು? ಹೆಲಿಕಾಪ್ಟರ್ ಬರುತ್ತದೆಯೇ ಎಂದು ಅವರು ಕೇಳುತ್ತಾರೆ.
(ಪಣಂಬೂರು)

ಉತ್ತರ: ಬರುವುದಿಲ್ಲ ಎಂದು ನೇರವಾಗಿ ಹೇಳಿ. ಆಲ್ಪ್ಸ್‌ನಲ್ಲಿ ಕರೆದರೆ ಹೆಲಿಕಾಪ್ಟರ್ ಬರುವ ಅಭ್ಯಾಸ ಅವರದ್ದು. ಇಲ್ಲಿ ಹೆಗಲ ಮೇಲೆ ಹೊತ್ತು ಜೀಪಿನವರೆಗೆ ತರಬೇಕು. ಅಲ್ಲಿಂದ 108, ಇಲ್ಲವೇ ನಿಮ್ಮದೇ ವಾಹನ. ಎರಡು ಗಟ್ಟಿ ಬಿದಿರು ಮತ್ತು ಎರಡು ಮೂರು ಅಂಗಿಯಿಂದ ಡೋಲಿ ಮಾಡುವುದನ್ನು ಅಂಗಳದಲ್ಲೇ ಒಮ್ಮೆ ಮಾಡಿ ನೋಡಿ. ಒಬ್ಬ ದೊಡ್ಡಾಳನ್ನು ಇಳಿಸಲು ಸರದಿಯ ಮೇಲೆ ಆರೆಂಟು ಮಂದಿ ಬೇಕು.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ, ಹಾವನ್ನು ಹಿಡಿಯಲು ಹೋಗಬೇಡಿ. ಉಂಗುರ, ಗಡಿಯಾರ ತೆಗೆದು, ಕೈಯನ್ನೋ ಕಾಲನ್ನೋ ಕೋಲು ಕಟ್ಟಿ ಅಲ್ಲಾಡದಂತೆ ಮಾಡಿ, ನಡೆಸದೆ ಹೊತ್ತು ತನ್ನಿ. ಆಸ್ಟ್ರೇಲಿಯಾದವರು ತಂಡದಲ್ಲಿದ್ದರೆ ಬಿಗಿ ಬ್ಯಾಂಡೇಜ್ ಸುತ್ತಲು ಮುಂದಾಗುತ್ತಾರೆ, ಅದು ಅವರಲ್ಲಿಯ ಹಾವುಗಳಿಗೆ ಕಲಿತ ಪಾಠ. ನಮ್ಮ ಮಂಡಲದ ಹಾವುಗಳ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಯಿಸುವುದರಿಂದ ಇಲ್ಲಿ ಅದು ಬೇಡ. ಹೊರಡುವ ಮುಂಚೆಯೇ ವಿಷನಿರೋಧಕ ಔಷಧಿ ಇರುವ ಹತ್ತಿರದ ಸರಕಾರಿ ಆಸ್ಪತ್ರೆ ಯಾವುದೆಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ನೆಂಟರ ವಿಮೆಯಲ್ಲಿ ‘ಬೆಟ್ಟ ಚಾರಣ’ ಸೇರಿದೆಯೇ ಎಂದೂ ನೋಡಿ. ಹಲವು ಸಾದಾ ಪ್ರವಾಸ ವಿಮೆಗಳಲ್ಲಿ ಅದನ್ನು ಬಿಟ್ಟಿರುತ್ತಾರೆ.

ಪ್ರಶ್ನೆ: ಬಿಡುವಿನ ದಿನ ಸಮುದ್ರಕ್ಕೂ ದೇವಸ್ಥಾನಕ್ಕೂ ಕರೆದೊಯ್ಯುವಾಗ ಏನು ಹೇಳಿರಬೇಕು?
(ಕಾಪು)

ಉತ್ತರ: ಸಮುದ್ರ ಮೊದಲು. ಕೊಳದಲ್ಲಿ ಚೆನ್ನಾಗಿ ಈಜುವವರೇ ನಮ್ಮ ಕಡಲಿನಲ್ಲಿ ಸಿಕ್ಕಿಬೀಳುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ನೀರಿಗಿಳಿಯುವ ಮಾತೇ ಬೇಡ. ಆ ತಿಂಗಳುಗಳಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇರುವುದಿಲ್ಲ. ಬೇರೆ ಕಾಲದಲ್ಲೂ ಜೀವರಕ್ಷಕರಿರುವ ಕಡೆ, ಸೊಂಟಮಟ್ಟ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. 1901ರ ಕಾಪು ದೀಪಸ್ತಂಭದ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಚಾರಣದ ಬೂಟಿಗೂ ಅಲ್ಲಿ ಹಿಡಿತವಿಲ್ಲ.

ದೇವಸ್ಥಾನಕ್ಕೆ ಚಡ್ಡಿ ಬೇಡ. ನಮ್ಮ ಕಡೆ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕೆಂದು ಮೊದಲೇ ಹೇಳಿದರೆ ಬಾಗಿಲಲ್ಲಿ ಮುಜುಗರವಾಗದು. ಮನೆಯಲ್ಲಿ ಎರಡು ಪಂಚೆ, ಎರಡು ಶಾಲು ಹೆಚ್ಚಿಗೆ ಇಟ್ಟುಕೊಳ್ಳಿ. ಉಡುಪಿಯ ಕೃಷ್ಣನನ್ನು ಕಿಂಡಿಯಿಂದ ನೋಡುವುದೇಕೆ ಎಂದು ಖಂಡಿತ ಕೇಳುತ್ತಾರೆ. ಕನಕದಾಸರ ಕತೆಯನ್ನು ನಾಲ್ಕು ವಾಕ್ಯದಲ್ಲಿ ಇಂಗ್ಲಿಷಿಗೆ ತಂದಿಟ್ಟುಕೊಂಡಿರಿ. ದೈವದ ನೇಮಕ್ಕೆ ಕರೆದೊಯ್ದರೆ ಫೋಟೋಗೆ ಮೊದಲು ಆ ಮನೆಯ ಹಿರಿಯರನ್ನು ನೀವೇ ಕೇಳಿ, ಫ್ಲಾಶ್ ಬೇಡ, ದೈವದ ದಾರಿಗೆ ಅಡ್ಡ ನಿಲ್ಲುವುದು ಬೇಡ.

ಪ್ರಶ್ನೆ: ಉಡುಗೊರೆ ಏನು ಕೊಡಬಹುದು?
(ಅಂಬಲಪಾಡಿ, ಉಡುಪಿ)

ಉತ್ತರ: ತೂಕವಿಲ್ಲದ್ದು, ಸೋರದ್ದು. ಗೇರುಬೀಜ ಕಾಲು ಕಿಲೋ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಉಡುಪಿ ಕೈಮಗ್ಗದ ಬಟ್ಟೆ. ಉಪ್ಪಿನಕಾಯಿಯ ಭರಣಿ ವಿಮಾನದಲ್ಲಿ ಒಡೆದರೆ ಬಟ್ಟೆಯೆಲ್ಲ ಹೋಯಿತು. ಹಾಲಿನ ಸಿಹಿ ಯುರೋಪಿನ ಕಸ್ಟಮ್ಸ್‌ನಲ್ಲಿ ತೊಂದರೆ. ನೆಲಗಡಲೆ ಅಲರ್ಜಿಯವರಿಗೆ ಗೇರುಬೀಜ ಕಟ್ಟುವ ಮುಂಚೆ ಮೇಲೆ ಹೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಕೊಳ್ಳಿ.